ರಾತ್ರಿ ಹನ್ನೊಂದೂವರೆಗೆ ಬಿಸಿಯಾಗುವ ಗೋಡೆ

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಈ ಸಲ ಬರೆಯುತ್ತಿರುವುದು ಒಂದು ಗೋಡೆಯ ಬಗ್ಗೆ. ನಗಬೇಡಿ ಮಾರಾಯ್ರೆ, ಒಂದೂವರೆ ತಿಂಗಳು ಆ ಗೋಡೆಗೆ ವೈರು ಅಂಟಿಸಿಕೊಂಡು ಕೂತವನು ನಾನು :-)

ನಮ್ಮ ಮನೆ ಕಾಪುವಿನಲ್ಲಿ. ಲೈಟ್‌ಹೌಸ್ ಇರುವ ಕಡಲ ಬದಿಯಲ್ಲಿ ಅಲ್ಲ, ಹೈವೇ ದಾಟಿ ಪೂರ್ವಕ್ಕೆ ಒಳಗೆ, ಗದ್ದೆಯ ಅಂಚಿನಲ್ಲಿ. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಉದ್ದಕ್ಕೆ ಚಾವಡಿ. ಅಜ್ಜಿಯ ಮನೆ ಅದು. ನಮ್ಮದು ಅಳಿಯಸಂತಾನ ಕಟ್ಟು, ಅಂದರೆ ಮನೆ ಹೆಣ್ಣುಮಕ್ಕಳ ಕಡೆಗೆ ಹೋಗುವುದು. ಅಜ್ಜಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡಮ್ಮ ಮತ್ತು ನನ್ನ ಅಮ್ಮ. 2003ರಲ್ಲಿ ಮನೆ ಎರಡು ಪಾಲಾಯಿತು. ಬಡಗು ಬದಿ ದೊಡ್ಡಮ್ಮನಿಗೆ, ತೆಂಕು ಬದಿ ಅಮ್ಮನಿಗೆ. ಆಗ ನಾನು ಬಾಲವಾಡಿಗೆ ಹೋಗುವ ಪ್ರಾಯದವನು. ಒಂದು ಬಾಗಿಲಿಗೆ ಕಲ್ಲು ಕಟ್ಟಿ ಸಿಮೆಂಟು ಬಳಿದದ್ದು ಮಾತ್ರ ನೆನಪುಂಟು. ಆ ಬಾಗಿಲಲ್ಲಿ ಓಡಾಡುತ್ತಿದ್ದ ನನಗೆ ಮಾರನೇ ದಿನ ಹಣೆ ಬಡಿದಿತ್ತು.

ಹಿಂದೆಲ್ಲ ಅಳಿಯಸಂತಾನದ ಕುಟುಂಬದಲ್ಲಿ ಎಲ್ಲರೂ ಒಪ್ಪದೆ ಯಾರೋ ಒಬ್ಬರು ಪಾಲು ಕೊಡಿ ಅಂತ ಹಟ ಹಿಡಿಯುವ ಹಾಗಿರಲಿಲ್ಲ. ನಮ್ಮ ಜಿಲ್ಲೆ ಇನ್ನೂ ಮದ್ರಾಸಿನಲ್ಲಿದ್ದಾಗ, 1949ರಲ್ಲಿ ಬಂದ ಅಳಿಯಸಂತಾನ ಕಾಯ್ದೆ ಒಂದೊಂದು 'ಕವರು'ವಿಗೆ, ಅಂದರೆ ಒಬ್ಬ ಹೆಂಗಸಿನ ಸಂತತಿಯ ಶಾಖೆಗೆ, ಪಾಲು ಕೇಳುವ ದಾರಿ ಮಾಡಿಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಬಂತು. ಕಾಯ್ದೆ ಆಸ್ತಿಯನ್ನು ಪಾಲು ಮಾಡಬಹುದು. ಆದರೆ ಒಂದು ಸಂಸಾರಕ್ಕೆ ಅಂತ ಕಟ್ಟಿದ ಮನೆ ಎರಡು ಸಂಸಾರಕ್ಕೆ ಒಗ್ಗುವುದು ಸುಲಭ ಇಲ್ಲ. ಅಡಿಗೆ ಕೋಣೆ ಒಬ್ಬರಿಗೆ ಹೋದರೆ ಬಾವಿ ಇನ್ನೊಬ್ಬರಿಗೆ. ನಮ್ಮ ಮನೆಯಲ್ಲಿ ಬಾವಿ ಮತ್ತು ಅದರ ಪಕ್ಕದ ಬಚ್ಚಲು ಕೊಟ್ಟಿಗೆ ಅಮ್ಮನ ಪಾಲಿಗೆ ಬಂತು.

ಹಳೇ ಮನೆಗಳಲ್ಲಿ ಬಚ್ಚಲು ಯಾಕೆ ಮನೆಯಿಂದ ದೂರ, ಹಿತ್ತಿಲಲ್ಲಿ ಇರುತ್ತಿತ್ತು ಅಂತ ನಾನು ಯೋಚನೆಯೇ ಮಾಡಿರಲಿಲ್ಲ. ಹೊಗೆ, ಕಿಡಿ, ಬಿಸಿ, ಮೂರೂ ಹೊರಗೇ ಇರುತ್ತವೆ ಅಂತ ಈಗ ಗೊತ್ತಾಗುತ್ತದೆ.

ಎಂಟು ವರ್ಷ ದೊಡ್ಡಮ್ಮನ ಮನೆಯವರೂ ನಮ್ಮ ಬದಿಯ ಬಚ್ಚಲಿಗೇ ಬರುತ್ತಿದ್ದರು. 2011ರಲ್ಲಿ ಬಾವಿ ಪಂಪಿನ ಕರೆಂಟು ಬಿಲ್ಲಿನ ವಿಷಯದಲ್ಲಿ ಅಕ್ಕ ತಂಗಿಗೆ ಮಾತಾಯಿತು. ಮಾತು ಎಲ್ಲಿಗೆ ಮುಟ್ಟಿತೆಂದರೆ, ಅಮ್ಮ "ಇನ್ನು ಈ ಹೊಸಿಲು ದಾಟಬೇಡ" ಅಂದುಬಿಟ್ಟರು. ದೊಡ್ಡಮ್ಮ ದಾಟಲಿಲ್ಲ. ಆ ತಿಂಗಳೇ ತಮ್ಮ ಬದಿಯ ಹಿಂದಿನ ಕೋಣೆಯನ್ನು ಬಚ್ಚಲು ಮಾಡಿಸಿ, ನಡುಗೋಡೆಗೆ ತಾಗಿಸಿ ಒಲೆ ಕಟ್ಟಿಸಿ, ಮೇಲೆ ತಾಮ್ರದ ಹಂಡೆ ಕೂರಿಸಿದರು.

ಗೋಡೆಯ ಈಚೆ ನಮ್ಮ ಭತ್ತದ ಕೋಣೆ ಇತ್ತು. ಹನ್ನೆರಡು ವರ್ಷ ಆ ಗೋಡೆ ಬಿಸಿಯಾಗುತ್ತಿತ್ತು, ಯಾರೂ ಒಂದು ಮಾತು ಆಡಲಿಲ್ಲ. ಅಲ್ಲಿ ಇಟ್ಟ ಕೊಬ್ಬರಿ ಒಳ್ಳೆ ಒಣಗುತ್ತಿತ್ತು ಅಂತ ಅಮ್ಮನೇ ಹೇಳುತ್ತಿದ್ದರು!

2023ರಲ್ಲಿ ಅಜ್ಜಿ ಜಾರಿ ಬಿದ್ದು ಸೊಂಟ ಮುರಿಯಿತು. ಅಲ್ಲಿಯವರೆಗೆ ಸಂಜೆ ಹೊತ್ತು ಅಂಗಳದ ಕಟ್ಟೆಯಲ್ಲಿ ಕೂತು ಬೇಲಿಯ ಆಚೆ ಇರುವ ಹಿರಿಮಗಳ ಹತ್ತಿರ ಮಾತಾಡುತ್ತಿದ್ದವರು ಆಮೇಲೆ ಮಂಚ ಬಿಟ್ಟು ಏಳಲಿಲ್ಲ. ಬಾತ್‌ರೂಮು ಹತ್ತಿರ ಬೇಕಲ್ಲ ಅಂತ ಭತ್ತದ ಕೋಣೆ ಖಾಲಿ ಮಾಡಿ ಅಲ್ಲೇ ಮಂಚ ಹಾಕಿದೆವು. ಕೋಣೆ ಸಣ್ಣದು. ಒಂದು ಬದಿ ಬಾಗಿಲು, ಒಂದು ಬದಿ ಕಿಟಕಿ. ಮಂಚ ಆ ನಡುಗೋಡೆಗೇ ತಾಗಬೇಕಾಯಿತು.

ಬೆಂಗಳೂರಲ್ಲಿ ಕೆಲಸಕ್ಕೆ ಇದ್ದ ನಾನು 2022ರಲ್ಲೇ ಮಣಿಪಾಲದ ಒಂದು ಕಂಪೆನಿಗೆ ಸೇರಿ ಊರಿಗೆ ಬಂದಿದ್ದೆ. ಅಮೆರಿಕದವರ ಜೊತೆ ರಾತ್ರಿ ಕಾಲ್ ಇರುತ್ತದೆ, ಹಾಗಾಗಿ ಮನೆಯಲ್ಲಿ ಕೊನೆಗೆ ಮಲಗುವವನು ನಾನೇ. 2025ರ ಏಪ್ರಿಲ್‌ನ ಒಂದು ರಾತ್ರಿ, ಗಂಟೆ ಒಂದಾಗಿರಬಹುದು, ಕಾಲ್ ಮುಗಿಸಿ ನೀರು ಕುಡಿಯಲು ಎದ್ದರೆ ಅಜ್ಜಿಯ ಕೋಣೆಯಿಂದ ಮಾತು ಕೇಳಿತು. ಎಂದೋ ತೀರಿಹೋದ ತಮ್ಮನನ್ನು ಕರೆದು, ಎತ್ತು ಕಟ್ಟಿದೆಯಾ ಅಂತ ಕೇಳುತ್ತಿದ್ದರು. ನಾಲಿಗೆ ಒಣಗಿತ್ತು, ಮೈ ಕಾದಿತ್ತು, ನನ್ನ ಗುರುತು ಸಿಗಲಿಲ್ಲ. ಅಮ್ಮ ಓಡಿ ಬಂದವರು ಅಜ್ಜಿಯ ಮೈ ಮುಟ್ಟಿದರು, ಮತ್ತೆ ಗೋಡೆ ಮುಟ್ಟಿದರು.

"ನೋಡು ಮಗಾ, ಮುಟ್ಟಿ ನೋಡು. ನಡುರಾತ್ರೆಗೂ ಬೆಂಕಿ ಹಾಕಿ ಕೂತಿದ್ದಾಳೆ. ಹೆತ್ತ ತಾಯಿ ಅಂತಾದರೂ ಬೇಡವಾ?"

(ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡ ಮಾಡಿ ಬರೆದಿದ್ದೇನೆ. ಅಮ್ಮ ತುಳುವಿನಲ್ಲಿ ಹೇಳಿದ್ದು ಇದಕ್ಕಿಂತ ಖಾರ ಇತ್ತು.)

ಗೋಡೆ ನಿಜಕ್ಕೂ ಬಿಸಿ ಇತ್ತು. ಆಗಷ್ಟೇ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ.

ಉಡುಪಿಯ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡ್ರಿಪ್ ಹಾಕಿದರು. ಬೆಳಿಗ್ಗೆ ಹೊತ್ತಿಗೆ ಅಜ್ಜಿ ಸರಿಯಾಗಿ ಮಾತಾಡಿ, ಕಾಫಿ ಕೇಳಿದರು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆ, "ಇವರನ್ನು ಎಲ್ಲಿ ಮಲಗಿಸ್ತೀರಿ? ಟೆರೇಸಿನ ಕೆಳಗಾ?" ವಯಸ್ಸಾದ ಮೇಲೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಬೆವರುವುದೂ ಕಡಿಮೆ. ನಮ್ಮ ಕರಾವಳಿಯ ಸೆಕೆಯಲ್ಲಿ ಬಂದ ಬೆವರೂ ಆರುವುದಿಲ್ಲ. ಅದರ ಮೇಲೆ ಪಕ್ಕದಲ್ಲೇ ಬಿಸಿ ಗೋಡೆ ಇದ್ದರೆ ಅದರ ಕಾವು ಗಾಳಿಯನ್ನು ಕಾಯದೆ ನೇರವಾಗಿ ಮೈಗೆ ತಾಗುತ್ತದೆ, ಫ್ಯಾನ್ ಹಾಕಿ ಅದನ್ನು ತಡೆಯಲಿಕ್ಕೆ ಆಗುವುದಿಲ್ಲ ಅಂತ ಬಿಡಿಸಿ ಹೇಳಿದರು. "ಮೊದಲು ಮಂಚ ದೂರ ಮಾಡಿ, ಗಂಟೆಗೊಮ್ಮೆ ನೀರು ಕೊಡಿ."

ಮನೆಗೆ ಬಂದು ಮಂಚ ಎರಡು ಅಡಿ ಈಚೆ ಎಳೆದೆವು. ಬಾಗಿಲು ಅರ್ಧವೇ ತೆರೆಯುವ ಹಾಗಾಯಿತು. ಅಜ್ಜಿ ರಂಪ ಮಾಡಿದರು. "ನನ್ನನ್ನು ಗೋಡೆ ಹತ್ತಿರವೇ ಹಾಕಿ." ಯಾಕೆ ಅಂದರೆ ಹೇಳುವುದಿಲ್ಲ. ಬೇರೆ ಕೋಣೆಗೆ ಹೋಗೋಣ ಅಂದರೆ ಊಟ ಬಿಡುತ್ತೇನೆ ಅಂದರು.

ಅಮ್ಮನಿಗೆ ಒಂದೇ ಸಾಕ್ಷಿ ಸಾಕಿತ್ತು. "ರಾತ್ರಿ ಹನ್ನೊಂದಕ್ಕೆ ಯಾರಾದರೂ ಮೀಯುತ್ತಾರಾ? ಮತ್ತೆ ಆ ಹೊತ್ತಿಗೆ ಗೋಡೆ ಯಾಕೆ ಕಾಯಬೇಕು?" ನನಗೂ ಉತ್ತರ ಇರಲಿಲ್ಲ. ಮುಟ್ಟಿ ನೋಡಿದರೆ ಸಂಜೆ ಆರಕ್ಕೆ ಗೋಡೆ ತಣ್ಣಗೆ, ರಾತ್ರಿ ಬಿಸಿ. ದೊಡ್ಡಮ್ಮ ರಾತ್ರಿ ಎದ್ದು ಒಲೆಗೆ ಬೆಂಕಿ ಹಾಕುತ್ತಿದ್ದಾರೆ ಅಂತ ನಾನೂ ಒಂದು ದಿನ ನಂಬಿದೆ. ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

ಸಾಫ್ಟ್‌ವೇರಿನವರಿಗೆ ಒಂದು ಕೆಟ್ಟ ಅಭ್ಯಾಸ ಉಂಟು, ಲಾಗ್ ನೋಡದೆ ಬೈಯುವುದಿಲ್ಲ :-) ಮೊದಲು ಕೊರೊನಾ ಕಾಲದಲ್ಲಿ ತಂದಿದ್ದ, ಹಣೆಗೆ ಹಿಡಿಯುವ ಗನ್ನನ್ನೇ ಗೋಡೆಗೆ ಹಿಡಿದೆ. ಅದು ಗೋಡೆಗೆ ಜ್ವರ ಬಂದಿದೆ ಅಂತ ಕೆಂಪು ಲೈಟು ಹಾಕಿ ಕಿರುಚಿತು. ಆಮೇಲೆ ಆನ್‌ಲೈನಲ್ಲಿ ನಾಲ್ಕು ಡಿಎಸ್18ಬಿ20 ಸೆನ್ಸರ್ ಮತ್ತು ಒಂದು ಇಎಸ್‌ಪಿ8266 ಬೋರ್ಡು ತರಿಸಿದೆ. ಅರ್ಧ ಡಿಗ್ರಿಯಷ್ಟು ಆಚೀಚೆ ಆದೀತು, ನಮಗೆ ಅಷ್ಟು ಸಾಕು. ಮೂರನ್ನು ನಡುಗೋಡೆಗೆ, ಒಂದನ್ನು ಎದುರಿನ ಗೋಡೆಗೆ ಅಂಟಿಸಿದೆ. ಐದು ನಿಮಿಷಕ್ಕೊಮ್ಮೆ ಲೆಕ್ಕ ಬರೆಯುವ ಹಾಗೆ ಮಾಡಿದೆ. ದೊಡ್ಡಮ್ಮನ ಒಲೆಯ ಹೊತ್ತು ಗೊತ್ತಾಗಲು ಸೆನ್ಸರ್ ಬೇಕಾಗಿಲ್ಲ, ಹಂಚಿನ ಎಡೆಯಿಂದ ಬರುವ ಹೊಗೆ ನೋಡಿದರೆ ಸಾಕು. ಅದನ್ನು ನೋಟ್‌ಪುಸ್ತಕದಲ್ಲಿ ಬರೆದಿಟ್ಟೆ.

ಹತ್ತು ದಿನದ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಎಲ್ಲವೂ ಒಂದೇ ತರ. ಹೊಗೆ ಏಳುವುದು ಸಂಜೆ ನಾಲ್ಕೂವರೆ ಹೊತ್ತಿಗೆ. ಏಳಕ್ಕೆ ಹೊಗೆ ನಿಲ್ಲುತ್ತದೆ. ನಮ್ಮ ಬದಿಯ ಗೋಡೆ ಏರಲು ಶುರುವಾಗುವುದೇ ಏಳರ ನಂತರ. ಹನ್ನೊಂದೂವರೆಗೆ ತುತ್ತತುದಿ, 40.5 ಡಿಗ್ರಿ. ಎದುರಿನ ಗೋಡೆ ಆಗ 31. ಬೆಳಗಿನವರೆಗೆ ನಿಧಾನಕ್ಕೆ ಇಳಿಯುತ್ತದೆ.

ರಾತ್ರಿ ಬೆಂಕಿಯೇ ಇರಲಿಲ್ಲ. ಸಂಜೆಯ ಬೆಂಕಿ ರಾತ್ರಿ ನಮ್ಮ ಮನೆಗೆ ಬಂದು ಮುಟ್ಟುತ್ತಿತ್ತು!

ಇಂಜಿನಿಯರಿಂಗಿನಲ್ಲಿ ಓದಿ ಪರೀಕ್ಷೆ ಮುಗಿದ ಕೂಡಲೇ ಮರೆತದ್ದು ಇದು. ಬಿಸಿ ಗೋಡೆಯನ್ನು ಒಮ್ಮೆಗೇ ದಾಟುವುದಿಲ್ಲ. ಮೊದಲು ಗೋಡೆಯ ಒಂದು ಪದರ ಕಾಯಬೇಕು, ಅದು ಕಾದ ಮೇಲೆ ಅದರ ಪಕ್ಕದ್ದು, ಆಮೇಲೆ ಮುಂದಿನದ್ದು. ಹಾಗೆಯೇ, ಗೋಡೆ ಎರಡು ಪಟ್ಟು ದಪ್ಪ ಆದರೆ ತೆಗೆದುಕೊಳ್ಳುವ ಹೊತ್ತು ಎರಡು ಪಟ್ಟಲ್ಲ, ಸುಮಾರು ನಾಲ್ಕು ಪಟ್ಟು. ಜೋಸೆಫ್ ಫೂರಿಯೇ ಎಂಬ ಫ್ರೆಂಚ್ ಗಣಿತಜ್ಞ 1822ರಲ್ಲೇ ಇದರ ಲೆಕ್ಕ ಇಡೀ ಒಂದು ಪುಸ್ತಕ ಮಾಡಿ ಬರೆದಿಟ್ಟಿದ್ದಾನೆ. ನಮ್ಮದು ಒಂಬತ್ತು ಇಂಚು ಮುರಕಲ್ಲಿನ ಗೋಡೆ. ಕೂತು ಲೆಕ್ಕ ಹಾಕಿದರೆ ಐದರಿಂದ ಏಳೆಂಟು ಗಂಟೆ ತಡ ಆಗಬೇಕು ಅಂತ ಬಂತು. ಗ್ರಾಫಿನಲ್ಲಿ ಇದ್ದದ್ದೂ ಅದರೊಳಗೇ.

ಮುರಕಲ್ಲಿನ ವಿಷಯ ಬಂದ ಮೇಲೆ ಎರಡು ಮಾತು. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕನನ್. ಟಿಪ್ಪು ಸತ್ತ ಮರುವರ್ಷ ಈ ಕಡೆಯೆಲ್ಲ ತಿರುಗಿದವನು, ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲು ನೋಡಿ, 1807ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಆ ಹೆಸರು ಮಾಡಿದ. ನೆಲದಿಂದ ಕಡಿಯುವಾಗ ಮೆದು, ಗಾಳಿಗೆ ಬಿಟ್ಟರೆ ಗಟ್ಟಿ. ತುಂಬಾ ತೂತು ಇರುವ ಕಲ್ಲು, ಹಾಗಾಗಿ ಬಿಸಿಯನ್ನು ಬೇಗ ದಾಟಿಸುವುದಿಲ್ಲ. ಆದರೆ ತಿಂದದ್ದನ್ನು ಬೇಗ ಬಿಡುವುದೂ ಇಲ್ಲ. ನಾನು ಕೆಲಸ ಮಾಡುವ ಮಣಿಪಾಲದ ಗುಡ್ಡವೂ ಇದೇ ಕಲ್ಲು.

ಜರ್ಮನಿಯಲ್ಲಿರುವ ನನ್ನ ಕ್ಲಾಸ್‌ಮೇಟಿಗೆ ಗ್ರಾಫ್ ಕಳಿಸಿದೆ. ಅವನು ನಕ್ಕ. ಅವನು ಫ್ಲ್ಯಾಟಿನ ನಡುವಿನ ಮನೆಯಲ್ಲಿದ್ದಾನೆ, ಎರಡೂ ಬದಿಯವರು ಚಳಿಗಾಲದಲ್ಲಿ ಹೀಟರ್ ಹಾಕುತ್ತಾರೆ, ಇವನು ಹಾಕುವುದೇ ಅಪರೂಪ. "ನಿನ್ನ ದೊಡ್ಡಮ್ಮನನ್ನು ಇಲ್ಲಿಗೆ ಕಳಿಸು ಮಾರಾಯ" ಅಂದ.

ಅಮ್ಮನಿಗೆ ಗ್ರಾಫ್ ತೋರಿಸಿದೆ. "ಆಯ್ತು, ಸಂಜೆಯೇ ಇರಲಿ. ಬಿಸಿ ಬರುವುದು ಹೌದಲ್ಲ?" ಅಂದರು. ಅದೂ ಸರಿಯೇ.

ಮೊದಲ ಉಪಾಯ ಥರ್ಮಕೋಲ್. ಉಡುಪಿಯಿಂದ ಒಂದಿಂಚಿನ ಶೀಟು ತಂದು ನಮ್ಮ ಬದಿಯ ಗೋಡೆಗೆ ಅಂಟಿಸಿದೆ. ಮೇಲ್ಮೈ 33ಕ್ಕೆ ಇಳಿಯಿತು, ನಾನು ಗೆದ್ದೆ ಅಂದುಕೊಂಡೆ. ಆದರೆ ಶೀಟಿನ ಹಿಂದೆ ಬಿಟ್ಟಿದ್ದ ಸೆನ್ಸರ್ 44 ತೋರಿಸಿತು. ಹೊರಗೆ ಹೋಗಲು ದಾರಿ ಇಲ್ಲದ ಬಿಸಿ ಗೋಡೆಯಲ್ಲೇ ಕೂತಿತ್ತು. ಹತ್ತು ದಿನದಲ್ಲಿ ಶೀಟಿನ ಹಿಂದೆ ಇರುವೆ ಸಂಸಾರ ಹೂಡಿತು. ಒಂದು ಬೆಳಿಗ್ಗೆ ನೋಡಿದರೆ ಅಮ್ಮ ಹಚ್ಚಿಟ್ಟಿದ್ದ ಸೊಳ್ಳೆಬತ್ತಿ ತಾಗಿ ಶೀಟಿನ ಒಂದು ಮೂಲೆ ಕರಗಿ ತೂತಾಗಿತ್ತು. ಏಳಲಾಗದವರು ಮಲಗುವ ಕೋಣೆಯಲ್ಲಿ ಬೆಂಕಿ ಹಿಡಿಯುವ ವಸ್ತು ಅಂಟಿಸಿದ ಬುದ್ಧಿವಂತ ನಾನು! ಅವತ್ತೇ ಕಿತ್ತು ಎಸೆದೆ. ಏಸಿ ಹಾಕಿಸುವ ಅಂತ ಅಣ್ಣಂದಿರು ಫೋನಿನಲ್ಲಿ ಹೇಳಿದರು. ಆಚೆ ಸೌದೆ ಉರಿಸಿ ಹುಟ್ಟಿದ ಬಿಸಿಯನ್ನು ಈಚೆ ಕರೆಂಟು ಉರಿಸಿ ಹೊರಗೆ ಹಾಕುವುದು ಯಾವ ನ್ಯಾಯ ಅನ್ನಿಸಿತು.

ಅಮ್ಮ ಕೇಸು ಹಾಕುವ ಅಂದರು. ಉಡುಪಿಯಲ್ಲಿ ನಮಗೆ ಗುರುತಿನ ವಕೀಲರೊಬ್ಬರು ಇದ್ದಾರೆ. ಎಲ್ಲ ಕೇಳಿಕೊಂಡು, "ಹಾಕಬಹುದು, ಧಾರಾಳ ಹಾಕಬಹುದು" ಅಂದವರು ಕೊನೆಗೆ ಒಂದು ಪ್ರಶ್ನೆ ಕೇಳಿದರು. "ಅಜ್ಜಿಗೆ ಪ್ರಾಯ ಎಷ್ಟು?"

ಎಂಬತ್ತಾರು. ನಾವು ಎದ್ದು ಬಂದೆವು.

ಮಾರನೇ ದಿನ ಸಂಜೆ ಐದಕ್ಕೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಾನು ದೊಡ್ಡಮ್ಮನ ಮನೆಗೆ ಹೋದೆ. ನಾನು ಹೋಗದ ಮನೆ ಏನಲ್ಲ. ಅಷ್ಟಮಿಗೆ ಕೊಟ್ಟೆಕಡುಬು ತಿನ್ನಲು ಪ್ರತಿ ವರ್ಷ ಹೋಗುವವನೇ. ಆದರೆ ದೂರು ಹಿಡಿದುಕೊಂಡು ಹೋದದ್ದು ಅದೇ ಮೊದಲು. ದೊಡ್ಡಮ್ಮ ಬಚ್ಚಲಿನಲ್ಲಿ ಒಲೆಗೆ ತೆಂಗಿನ ಸಿಪ್ಪೆ, ಗೆರಟೆ ತುಂಬಿಸುತ್ತಾ ಕೆಮ್ಮುತ್ತಿದ್ದರು. ಒಲೆ ನಾನು ಅಂದುಕೊಂಡದ್ದಕ್ಕಿಂತ ಮೋಸ. ಹಿಂದಿನ ಬದಿ ಅಂತಲೇ ಇಲ್ಲ, ನಡುಗೋಡೆಯೇ ಒಲೆಯ ಹಿಂಬದಿ. ಬೆಂಕಿಯ ನಾಲಿಗೆ ನೇರ ನಮ್ಮ ಗೋಡೆ ನೆಕ್ಕುತ್ತಿತ್ತು.

ಗ್ರಾಫ್, ಗಂಟೆ, ಡಿಗ್ರಿ ಅಂತ ನಾನು ಏನೇನೋ ಹೇಳಿದೆ. ದೊಡ್ಡಮ್ಮ ಕೇಳುತ್ತಿದ್ದರು, ಅರ್ಥ ಆದ ಹಾಗೆ ಕಾಣಲಿಲ್ಲ. ಕೊನೆಗೆ, "ಅಜ್ಜಿಯ ಮಂಚ ಈ ಗೋಡೆಗೇ ತಾಗಿ ಉಂಟು ದೊಡ್ಡಮ್ಮ" ಅಂದೆ.

"ಎಂತ? ಇದು ಭತ್ತದ ಕೋಣೆ ಅಲ್ಲವಾ?"

"ಎರಡು ವರ್ಷ ಆಯ್ತು ಅಜ್ಜಿ ಅಲ್ಲಿ ಮಲಗುವುದು."

ದೊಡ್ಡಮ್ಮ ಗೋಡೆ ನೋಡಿದರು. ಮತ್ತೆ ಒಂದು ಮಾತೂ ಆಡದೆ ಪಕ್ಕದಲ್ಲಿದ್ದ ಕೊಡದ ನೀರನ್ನು ತೆಗೆದು ಒಲೆಗೆ ಹೊಯ್ದರು. ಬಚ್ಚಲು ಇಡೀ ಬೂದಿ, ಹೊಗೆ. ಹಂಡೆಯ ನೀರು ಆಗ ಇನ್ನೂ ಬೆಚ್ಚಗೂ ಆಗಿರಲಿಲ್ಲ.

ಮನೆಗೆ ಬಂದು ಅಜ್ಜಿಗೆ ಹೇಳಿದೆ, ದೊಡ್ಡಮ್ಮನಿಗೆ ನೀವು ಇಲ್ಲಿರುವುದು ಗೊತ್ತೇ ಇರಲಿಲ್ಲವಂತೆ ಅಂತ. ಅಜ್ಜಿ, "ನನಗೆ ಗೊತ್ತಿತ್ತು ಅವಳು ಅಲ್ಲಿರುವುದು" ಅಂದರು. ಸಂಜೆ ನಾಲ್ಕೂವರೆಗೆ ಕೆಮ್ಮು ಕೇಳುತ್ತದೆ, ಕೊಡಪಾನ ಇಡುವ ಶಬ್ದ ಕೇಳುತ್ತದೆ, ಮೊಮ್ಮಗಳಿಗೆ ಬೈಯುವುದು ಕೇಳುತ್ತದೆ. ಮಂಚ ಯಾಕೆ ಕದಲಿಸಲು ಬಿಡಲಿಲ್ಲ ಅಂತ ನನಗೆ ಆಗ ತಿಳಿಯಿತು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ಅವರಿಗೂ ಕೇಳಿರಬೇಕು.

ಮಾರನೇ ದಿನದಿಂದ ಗ್ರಾಫ್ ಮಲಗಿಬಿಟ್ಟಿತು. ಬಂಡೆಗಲ್ಲಿನ ಮೇಲೆ ಗೆರೆ ಎಳೆದ ಹಾಗೆ ನೇರ. ಅಮ್ಮನಿಗೆ ಈ ನಡುವೆ ಊಟದ ನಂತರ ಗ್ರಾಫ್ ನೋಡುವುದು ಸೀರಿಯಲ್ ನೋಡಿದಷ್ಟೇ ಅಭ್ಯಾಸ ಆಗಿತ್ತು.

"ಇವತ್ತು ಯಾಕೆ ಏರಲಿಲ್ಲ?"

"ದೊಡ್ಡಮ್ಮ ಒಲೆ ಹಚ್ಚಿಲ್ಲ."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ದಿನ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತೆ ಮೀಯುವುದು ಹೇಗೆ? ಅವಳಿಗೆ ಮಂಡಿ ನೋವು, ತಣ್ಣೀರು ಆಗುವುದಿಲ್ಲ" ಅಂದರು. ನಾನು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಅಮ್ಮ ನಮ್ಮ ಗೀಸರ್ ಹಾಕಿ ಎರಡು ಬಕೆಟ್ ಬಿಸಿನೀರು ತುಂಬಿಸಿ ಇಟ್ಟಿದ್ದರು. "ತೆಗೆದುಕೊಂಡು ಹೋಗು. ನಾನು ಕೊಟ್ಟದ್ದು ಅಂತ ಹೇಳಬೇಡ."

ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ಬೇಲಿ ದಾಟಿದವನಿಗೆ ದೊಡ್ಡಮ್ಮ ಕೇಳಿದ್ದು ಒಂದೇ, "ಅವಳು ಕೊಟ್ಟದ್ದಾ?" ನಾನು ಏನೂ ಹೇಳಲಿಲ್ಲ. ಹೇಳಬೇಡ ಅಂದಿದ್ದರಲ್ಲ :-)

ಹತ್ತಿರದಲ್ಲಿ ಒಂದು ಕಂಪೌಂಡು ಕಟ್ಟುತ್ತಿದ್ದ ಕಾರ್ಕಳದ ಮೇಸ್ತ್ರಿಯನ್ನು ಕರೆಸಿದೆವು. ನನ್ನ ಲೆಕ್ಕ ಎಲ್ಲ ಅವರು ತಾಳ್ಮೆಯಿಂದ ಕೇಳಿದರು. "ನೀವು ಮಧ್ಯಾಹ್ನ ಗೊಮ್ಮಟ ಬೆಟ್ಟ ಬರಿಗಾಲಲ್ಲಿ ಹತ್ತಿದ್ದೀರಾ? ಅಲ್ಲಿ ಕಾಲು ಸುಡುವುದು ಕೂಡಲೇ ಗೊತ್ತಾಗ್ತದೆ. ಕರಿಕಲ್ಲು ಕೈಯಲ್ಲಿ ಇಟ್ಟುಕೊಳ್ಳುವುದಿಲ್ಲ, ಕೂಡಲೇ ಕೊಡ್ತದೆ. ಈ ಮುರಕಲ್ಲು ಮರೆಯದೆ ಇಟ್ಟುಕೊಂಡು ಆಮೇಲೆ ಕೊಡುವುದು" ಅಂದರು. 1432ರಿಂದ ಅಲ್ಲಿ ನಿಂತಿರುವ ಗೊಮ್ಮಟನೂ ಅದೇ ಗ್ರಾನೈಟು. ಬಿಸಿಯನ್ನು ಗ್ರಾನೈಟು ಮುರಕಲ್ಲಿಗಿಂತ ಬೇಗ ದಾಟಿಸುತ್ತದೆ ಅಂತ ಪುಸ್ತಕದಲ್ಲಿರುವುದನ್ನು ಮೇಸ್ತ್ರಿ ಕಾಲಿನಲ್ಲಿ ಕಲಿತಿದ್ದರು.

ಮಾಡಿದ ಕೆಲಸ ಇಷ್ಟು, ನಿಮಗೂ ಬೇಕಾದೀತು. ಹಳೇ ಒಲೆ ಕೆಡವಿ, ನಡುಗೋಡೆಯಿಂದ ಮೂರು ಇಂಚು ಜಾಗ ಬಿಟ್ಟು ಇಟ್ಟಿಗೆಯ ಇನ್ನೊಂದು ಸಣ್ಣ ಗೋಡೆ ಎಬ್ಬಿಸಿದರು, ಒಲೆ ಅದಕ್ಕೆ ತಾಗಿ. ನಡುವಿನ ಖಾಲಿ ಜಾಗಕ್ಕೆ ಕೆಳಗೆ ಎರಡು ತೂತು, ಮೇಲೆ ಎರಡು ತೂತು. ಇಟ್ಟಿಗೆ ಕಾದರೆ ನಡುವಿನ ಗಾಳಿ ಕಾದು ಮೇಲಿನಿಂದ ಹೋಗುತ್ತದೆ, ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ. ಹೀಗೆ ನಡುಗೋಡೆಗೆ ಮುಟ್ಟುವ ಮೊದಲೇ ಹೆಚ್ಚಿನ ಬಿಸಿ ಹೊರಟುಹೋಗುತ್ತದೆ. ನಡುಗೋಡೆಯ ಆ ಬದಿಗೆ, ಖಾಲಿ ಜಾಗಕ್ಕೆ ಮುಖ ಮಾಡಿ, ಒಂದು ಅಲ್ಯೂಮಿನಿಯಂ ತಗಡು ಹೊಡೆಸಿದೆ. ಹೊಳೆಯುವ ಮೈ ಕಾವನ್ನು ವಾಪಸ್ಸು ಕಳಿಸುತ್ತದೆ. ಅದರ ಎದುರು ಗಾಳಿ ಇರಬೇಕು, ಗಾರೆಯೊಳಗೆ ಮುಚ್ಚಿದರೆ ಪ್ರಯೋಜನ ಇಲ್ಲ. ಮೇಸ್ತ್ರಿ, "ಇದೆಂತ, ಬಿರಿಯಾನಿ ಪಾರ್ಸೆಲ್ಲಾ?" ಅಂತ ನಕ್ಕರು.

ಒಲೆಯನ್ನೂ ಸುಧಾರಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಹಳ್ಳಿ ಅಡಿಗೆಗೆ ಅಂತ ಮಾಡಿದ ಅಸ್ತ್ರ ಒಲೆ ಕೆಲವರಿಗೆ ನೆನಪಿರಬಹುದು. ಬೆಂಕಿಗೆ ಕೆಳಗಿನಿಂದ ಗಾಳಿ ಬರಬೇಕು, ಬಾಯಿ ಸಣ್ಣದಿರಬೇಕು, ಹೊಗೆಗೆ ಕೊಳವೆ ಬೇಕು. ಇಷ್ಟನ್ನು ಅಲ್ಲಿಂದ ಕದ್ದೆವು. ಕೆಳಗೆ ಕಬ್ಬಿಣದ ಜಾಳಿಗೆ, ಮೇಲೆ ಹೊಗೆಕೊಳವೆ. ದೊಡ್ಡಮ್ಮನ ಕೆಮ್ಮು ಅರ್ಧಕ್ಕರ್ಧ ಕಡಿಮೆಯಾಗಿದೆ. ಸೌದೆಯೂ ಉಳಿಯುತ್ತದೆ.

ಆ ವರ್ಷ ಮುಂಗಾರು ಬೇಗ, ಮೇ 24ಕ್ಕೇ ಕೇರಳಕ್ಕೆ ಬಂತಲ್ಲ. ನಮ್ಮ ಕೆಲಸ ಮುಗಿದದ್ದು ಅದರ ಹಿಂದಿನ ದಿನ. ಹೊಸ ಒಲೆಗೆ ಬೆಂಕಿ ಹಾಕಿದ ದಿನ ರಾತ್ರಿ ನಾನು ಮತ್ತು ಅಮ್ಮ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆವು. ಹನ್ನೊಂದೂವರೆಗೆ 32.5. ಅಮ್ಮ "ಹ್ಞೂಂ" ಅಂತ ಎದ್ದು ಹೋದರು.

ಕೆಲಸ ನಡೆದ ನಾಲ್ಕು ದಿನ ದೊಡ್ಡಮ್ಮ ಮೇಸ್ತ್ರಿಗೆ ಚಹಾ ಕೊಡುವುದು, ಅಮ್ಮ ತಿಂಡಿ ಕೊಡುವುದು ಅಂತ ಯಾರೂ ಹೇಳದೆ ಆಗಿಹೋಗಿತ್ತು. ಎರಡನೇ ದಿನ, ಈ ಬದಿಯಲ್ಲಿ ಗೋಡೆ ಅದುರುತ್ತದಾ ನೋಡಬೇಕು ಅಂತ ಮೇಸ್ತ್ರಿ ನಮ್ಮ ಮನೆಯೊಳಗೆ ಬಂದರು. ಅವರ ಹಿಂದೆಯೇ ದೊಡ್ಡಮ್ಮನೂ ಬಂದರು. ಹೊಸಿಲಲ್ಲಿ ಒಂದು ಕ್ಷಣ ನಿಂತರು. ಅಮ್ಮ ಒಳಗಿನಿಂದ, "ಅಮ್ಮನಿಗೆ ಈಗಷ್ಟೇ ಗಂಜಿ ಆಯ್ತು" ಅಂದರು. ಯಾರಿಗೆ ಹೇಳಿದ್ದು ಅಂತ ಹೆಸರು ಹೇಳಲಿಲ್ಲ. ದೊಡ್ಡಮ್ಮ ದಾಟಿ ಒಳಗೆ ಹೋದರು.

ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಪಂಪಿನ ಬಿಲ್ಲಿನ ವಿಷಯ ಹಾಗೆಯೇ ಉಂಟು. ಇಬ್ಬರೂ ಈಗಲೂ ನೇರ ಮಾತಾಡುವುದು ಕಡಿಮೆ, ಅಜ್ಜಿಯ ಮೂಲಕ ಮಾತಾಡುತ್ತಾರೆ. "ಅಮ್ಮ, ಮಾವಿನಕಾಯಿ ಬೇಕಾ ಅಂತ ಕೇಳಿ" ಅಂತ ಒಬ್ಬರು, "ಬೇಕಂತೆ" ಅಂತ ಅಜ್ಜಿ. ಮೂವರೂ ಒಂದೇ ಕೋಣೆಯಲ್ಲಿ ಕೂತು!

ನನಗೆ ಈಗಲೂ ಕಾಡುವುದು ಆ ಒಂದು ದಿನ. ಕೈಗೆ ಬಿಸಿ ತಾಗಿದ್ದು ನಿಜ, ಅಜ್ಜಿಗೆ ತೊಂದರೆ ಆದದ್ದೂ ನಿಜ. ಆದರೆ ಬಿಸಿ ತಾಗಿದ ಹೊತ್ತಿಗೇ ಯಾರೋ ಬೆಂಕಿ ಹಾಕುತ್ತಿದ್ದಾರೆ ಅಂತ ನಾವು ತಿಳಿದುಕೊಂಡೆವಲ್ಲ, ಅದು ನಿಜ ಅಲ್ಲ. ನಡುವೆ ಒಂಬತ್ತು ಇಂಚು ಕಲ್ಲು ಇತ್ತು, ಅದು ನಾಲ್ಕೂವರೆಯದ್ದನ್ನು ಹನ್ನೊಂದೂವರೆಗೆ ಕೊಡುತ್ತಿತ್ತು. ಹೊತ್ತು ತಪ್ಪಿ ಬಂದದ್ದಕ್ಕೆ ನಾವು ಕಾರಣ ಹುಡುಕಲಿಲ್ಲ, ಕಟ್ಟಿದೆವು. ಬೇಲಿಯ ಆಚೆ ಹೋಗಿ ಒಂದು ಮಾತು ಕೇಳಿದ್ದರೆ ಸೆನ್ಸರೂ ಬೇಡ, ಥರ್ಮಕೋಲೂ ಬೇಡ. ಹೋಗಲು ನನಗೆ ಒಂದು ತಿಂಗಳು ಬೇಕಾಯಿತು.

ಇನ್ನೊಂದು ಹೇಳಲು ಮರೆತೆ. ಆಟಿಯ ಮಳೆಯಲ್ಲಿ ಅಜ್ಜಿಯ ದೂರು ಶುರುವಾಯಿತು, "ಗೋಡೆ ತಣ್ಣಗಾಗಿದೆ, ಕಾಲು ಸೆಳೆಯುತ್ತದೆ, ಮೊದಲಿನದ್ದೇ ಒಳ್ಳೆದಿತ್ತು" ಅಂತ! ಮೇಸ್ತ್ರಿಗೆ ಫೋನ್ ಮಾಡಿದರೆ, "ತೂತುಗಳಿಗೆ ಇಟ್ಟಿಗೆ ತುಂಡು ಇಡಿ" ಅಂದರು. ಇಟ್ಟರೆ ಗಾಳಿ ಓಡುವುದು ನಿಲ್ಲುತ್ತದೆ, ಗೋಡೆ ಹದವಾಗಿ ಬೆಚ್ಚಗಾಗುತ್ತದೆ. ತೆಗ್ಗಿ ನಾಲ್ಕೂ ತೆರೆದರೆ ಮತ್ತೆ ತಣ್ಣಗೆ.

ಆ ವರ್ಷದ ದೀಪಾವಳಿಗೆ ನೀರು ತುಂಬುವ ದಿನ ದೊಡ್ಡಮ್ಮನ ಹಂಡೆಗೆ ಅಮ್ಮ ಸುಣ್ಣದ ಗೆರೆ ಎಳೆದು ಹೂವು ಹಾಕಿದರು. ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಎರಡೂ ಮನೆಯವರಿಗೆ ಅದೇ ಹಂಡೆಯ ನೀರು. ಗೀಸರಿನ ನೀರಲ್ಲಿ ಮೈಯ ಎಣ್ಣೆ ಹೋಗುವುದಿಲ್ಲ ಅಂತ ಅಮ್ಮ ಹೇಳಿದ ಕಾರಣ. ಅದಕ್ಕೆ ಫೂರಿಯೇ ಹತ್ತಿರ ಲೆಕ್ಕ ಇಲ್ಲ :-)

ಈಗ ದಿನಾ ಸಂಜೆ ನಾಲ್ಕೂವರೆಗೆ ದೊಡ್ಡಮ್ಮ ನಮ್ಮ ಮನೆಗೆ ಬರುತ್ತಾರೆ. ಅಜ್ಜಿಯ ಕಾಲು ಮುಟ್ಟಿ ನೋಡಿ, "ಇವತ್ತು ಹೇಗೆ? ತೆರೆಯಬೇಕಾ, ಮುಚ್ಚಬೇಕಾ?" ಅಂತ ಕೇಳಿಕೊಂಡು ಹೋಗಿ ಒಲೆ ಹಚ್ಚುತ್ತಾರೆ. ಸೆನ್ಸರ್ ಎಲ್ಲ ತೆಗೆದು ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಯಾರಿಗಾದರೂ ಬೇಕಿದ್ದರೆ ಹೇಳಿ, ಕೊಡುತ್ತೇನೆ. ಆದರೆ ಮೊದಲು ಪಕ್ಕದ ಮನೆಗೆ ಒಮ್ಮೆ ಹೋಗಿ ಬನ್ನಿ.